ಸಾಂಬಾರ್ ಈರುಳ್ಳಿ: ಹಿಂಗಾರಿನಲ್ಲಿ ಎಂಟು ಗುಂಟೆ ಬಿತ್ತನೆಗೇ ಇರಲಿ

ಆಯುಧಪೂಜೆ ಮುಗಿದು ವಾರ ಕಳೆಯುವಷ್ಟರಲ್ಲಿ ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡೋಕೆ ಶುರುವಾಗುತ್ತೆ. "ಸಣ್ಣ ಈರುಳ್ಳಿ ಬಿತ್ತನೆ ಗಡ್ಡೆ ಎಲ್ಲಿದೆ ಅಣ್ಣ, ಕೆಜಿ ಎಷ್ಟು?" ಉತ್ತರವೂ ಹೆಚ್ಚುಕಮ್ಮಿ ಪ್ರತಿ ವರ್ಷ ಒಂದೇ. ಗಡ್ಡೆ ಇರೋದು ವ್ಯಾಪಾರಿಗಳ ಹತ್ತಿರ, ದರ ಅವರು ಹೇಳಿದ್ದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಿಂಗಾರಿನಲ್ಲಿ ನಾಟಿ ಮಾಡುವ ಸಾಂಬಾರ್ ಈರುಳ್ಳಿಯನ್ನ ಪೂರ್ತಿ ಮಾರುಕಟ್ಟೆಗೆ ಅಂತ ಬೆಳೆಯಬೇಡಿ. ಎಕರೆಗೆ ಎಂಟು ಗುಂಟೆಯಷ್ಟನ್ನ ನಾಟಿ ದಿನದಿಂದಲೇ ಬಿತ್ತನೆಗೆ ಅಂತ ಬೇರೆ ಮಾಡಿ ಬೆಳೆಸಿ. ವರ್ಷದಲ್ಲಿ ನಮಗೆ ಒಳ್ಳೇ ಬಿತ್ತನೆ ಗಡ್ಡೆ ಕೊಡಬಲ್ಲ ಹಂಗಾಮು ಅದೊಂದೇ, ಅದನ್ನ ನಾವು ಪೂರ್ತಿ ಮೂಟೆ ಕಟ್ಟಿ ಲಾರಿಗೆ ಹಾಕಿ ಕಳಿಸ್ತಾ ಇದ್ದೀವಿ.

ಬೀಜವೂ ಅದೇ, ಫಸಲೂ ಅದೇ

ದಪ್ಪ ಈರುಳ್ಳಿ ಬೆಳೆಯೋರಿಗೆ ಈ ತಲೆನೋವು ಅಷ್ಟಿಲ್ಲ. ಅವರದ್ದು ಕಪ್ಪು ಬೀಜ, ಪೊಟ್ಟಣದಲ್ಲಿ ಬರುತ್ತೆ, ಸಸಿ ಮಡಿ ಮಾಡಿ ನಾಟಿ ಹಾಕ್ತಾರೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ, ಆಲಿಯಂ ಸೀಪ. ಆದರೆ ನಮ್ಮದು ಗುಂಪು ಕಟ್ಟುವ ಪಂಗಡ. ಒಂದು ಗಡ್ಡೆ ಊರಿದರೆ ಬುಡದಲ್ಲಿ ಐದಾರು, ಚೆನ್ನಾಗಿ ಬಂದರೆ ಎಂಟು ಹತ್ತು ಗಡ್ಡೆ ಒಡೆಯುತ್ತೆ. ಅಡುಗೆಗೆ ಹೋಗೋದೂ ಅದೇ ಗಡ್ಡೆ, ಹೊಲಕ್ಕೆ ಹೋಗೋದೂ ಅದೇ ಗಡ್ಡೆ. ಹೀಗಾಗಿ ಮಾರುಕಟ್ಟೆ ದರ ನಮ್ಮನ್ನ ಎರಡು ಸಲ ಹೊಡೆಯುತ್ತೆ.

ಹೇಗೆ ಅಂತ ಲೆಕ್ಕ ನೋಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಬೋದಿನಿಂದ ಬೋದಿಗೆ 45 ಸೆಂ.ಮೀ., ಬೋದಿನ ಎರಡೂ ಮಗ್ಗುಲಲ್ಲಿ 10 ಸೆಂ.ಮೀ.ಗೆ ಒಂದು ಗಡ್ಡೆ. ಎಕರೆಗೆ ಹತ್ತಿರ ಹತ್ತಿರ 1,80,000 ಗಡ್ಡೆ ಬೇಕು. ಒಂದು ಗಡ್ಡೆ 3 ಗ್ರಾಂ ತೂಗಿದರೆ 540 ಕೆಜಿ. 4 ಗ್ರಾಂ ಆದರೆ 720 ಕೆಜಿ. ಬದು, ನೀರಿನ ಕಾಲುವೆ, ಓಡಾಡುವ ಜಾಗ ಕಳೆದು ಸಾಮಾನ್ಯವಾಗಿ ಎಕರೆಗೆ 500ರಿಂದ 600 ಕೆಜಿ ಅಂತ ಹೇಳ್ತಾರೆ. ಕೆಜಿಗೆ 25 ರೂಪಾಯಿ ಇದ್ದಾಗ 600 ಕೆಜಿಗೆ 15,000 ರೂಪಾಯಿ. ಅದೇ ಗಡ್ಡೆ 60 ರೂಪಾಯಿ ಆದಾಗ 36,000. ಭೂಮಿ ಅದೇ, ಗೊಬ್ಬರ ಅದೇ, ಕೂಲಿ ಅದೇ. ನಾಟಿ ಹಾಕುವ ಮುಂಚೆಯೇ 21,000 ರೂಪಾಯಿ ವ್ಯತ್ಯಾಸ.

ಇನ್ನೊಂದು ಹೊಡೆತ ಎಪ್ಪತ್ತು ದಿನ ಬಿಟ್ಟು ಬರುತ್ತೆ. ದರ ಚೆನ್ನಾಗಿದ್ದಾಗ ಎಲ್ಲರೂ ನಾಟಿ ಮಾಡ್ತಾರೆ. ಇದು 65ರಿಂದ 75 ದಿನದ ಬೆಳೆ, ಎಲ್ಲರದ್ದೂ ಒಟ್ಟಿಗೇ ಕೀಳೋಕೆ ಬರುತ್ತೆ. ದುಬಾರಿ ಇದ್ದಾಗ ಕೊಂಡು ಅಗ್ಗವಾದಾಗ ಮಾರೋದು ಅಂದರೆ ಇದೇ. "70 ದಿನದಲ್ಲಿ ಲಕ್ಷ ಲಕ್ಷ" ಅನ್ನೋ ಯೂಟ್ಯೂಬ್ ವಿಡಿಯೋಗಳಲ್ಲಿ ಗಡ್ಡೆಯ ಖರ್ಚನ್ನ ಯಾವ ವರ್ಷದ ದರಕ್ಕೆ ಹಾಕಿದ್ದಾರೆ ಅಂತ ಒಮ್ಮೆ ಗಮನಿಸಿ. ಬಹುತೇಕ ಖರ್ಚು ಅಗ್ಗದ ವರ್ಷದ್ದು, ಆದಾಯ ದುಬಾರಿ ವರ್ಷದ್ದು.

ಕೈಯಲ್ಲಿ ದುಡ್ಡಿಲ್ಲದವರಿಗೆ ಗಡ್ಡೆ ಸಾಲವಾಗಿಯೂ ಸಿಗುತ್ತೆ. ಕಾಗದದ ಮೇಲೆ ಏನೂ ಇರಲ್ಲ. ಆದರೆ ಬೆಳೆ ಬಂದಾಗ ತೂಕ ಯಾರ ತಕ್ಕಡಿಯಲ್ಲಿ, ದರ ಯಾರ ಬಾಯಲ್ಲಿ ಅನ್ನೋದು ಇಬ್ಬರಿಗೂ ಗೊತ್ತಿರುತ್ತೆ. ಇಲ್ಲಿ ವ್ಯಾಪಾರಿಯನ್ನ ಬೈದು ಪ್ರಯೋಜನ ಇಲ್ಲ. ಮಳೆಗಾಲದಲ್ಲಿ ಗಡ್ಡೆಯನ್ನ ಕಾಪಾಡಿ ಇಟ್ಟವನು ಅವನು, ಕೊಳೆತು ಹೋಗಿದ್ದರ ನಷ್ಟ ಸೇರಿಸಿಯೇ ದರ ಹೇಳ್ತಾನೆ. ಹಿಂದೆ ಆ ಕೆಲಸ ಮನೆ ಹೆಂಗಸರದ್ದಾಗಿತ್ತು. ಅಡುಗೆಮನೆ ಜಂತೆಗೆ ಕಟ್ಟು ಕಟ್ಟಿ ತೂಗುಹಾಕ್ತಿದ್ದರು, ಒಲೆ ಹೊಗೆ ತಾಗುತ್ತಿತ್ತು, ಗಡ್ಡೆ ಉಳಿಯುತ್ತಿತ್ತು. ಈಗ ಗ್ಯಾಸ್ ಬಂದಿದೆ, ಆರ್‌ಸಿಸಿ ಮನೆಗೆ ಜಂತೆಯೂ ಇಲ್ಲ.

ಹಿಂಗಾರೇ ಯಾಕೆ?

ನಮ್ಮಲ್ಲಿ ಸಾಂಬಾರ್ ಈರುಳ್ಳಿಗೆ ಮುಖ್ಯವಾಗಿ ಎರಡು ಹಂಗಾಮು. ಏಪ್ರಿಲ್–ಮೇ ತಿಂಗಳಲ್ಲಿ ಮುಂಗಾರುಪೂರ್ವ ಮಳೆಗೆ ಒಂದು ನಾಟಿ, ಅಕ್ಟೋಬರ್–ನವೆಂಬರ್‌ನಲ್ಲಿ ಇನ್ನೊಂದು. ಮೇ ನಾಟಿಯ ಬೆಳೆ ಕೀಳೋಕೆ ಬರೋದು ಜುಲೈ ಹೊತ್ತಿಗೆ. ಮೋಡ, ಜಿಟಿಜಿಟಿ ಮಳೆ, ಒಣಗಿಸೋಕೆ ಬಿಸಿಲಿಲ್ಲ. ಕತ್ತು ಒಣಗದ ಗಡ್ಡೆಯನ್ನ ಎಲ್ಲಿಟ್ಟರೂ ಕೊಳೆಯುತ್ತೆ, ಬಂದ ದರಕ್ಕೆ ಕೊಡಲೇಬೇಕು. ಓಣಂ ಹತ್ತಿರ ಇದ್ದರೆ ಕೇರಳದ ಬೇಡಿಕೆ ಸ್ವಲ್ಪ ಕೈ ಹಿಡಿಯುತ್ತೆ, ಇಲ್ಲದಿದ್ದರೆ ತೆರಕಣಾಂಬಿ ಮಾರುಕಟ್ಟೆಯಲ್ಲಿ ಸಂಜೆವರೆಗೂ ನಿಂತಿರಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರೋದರಿಂದ ಕೇರಳದ ಲಾರಿಗಳಿಗೂ ಹೊರಡುವ ಆತುರ, ಅದೂ ದರದಲ್ಲಿ ಕಾಣುತ್ತೆ.

ಹಿಂಗಾರಿನ ಬೆಳೆ ಹಾಗಲ್ಲ. ಅದು ಕೀಳೋಕೆ ಬರೋದು ಸಂಕ್ರಾಂತಿಯ ಆಚೀಚೆ. ಗಾಳಿ ಒಣ, ಬಿಸಿಲು ಹದ, ಮಳೆ ಭಯ ಕಮ್ಮಿ. ಹೊಲದಲ್ಲೇ ಚೆನ್ನಾಗಿ ಒಣಗುತ್ತೆ, ಸಿಪ್ಪೆಯ ಬಣ್ಣ ಬಿಗಿಯಾಗಿ ಕೂರುತ್ತೆ.

ರೋಗದ ವಿಷಯ ಇನ್ನೂ ಮುಖ್ಯ. ಎಲೆ ಹಾವಿನ ಹಾಗೆ ತಿರುಚಿಕೊಂಡು ಕತ್ತು ಉದ್ದವಾಗುವ ರೋಗ, ನಮ್ಮ ಕಡೆ ಟ್ವಿಸ್ಟರ್ ಅಂತಲೇ ಕರೀತಾರಲ್ಲ, ಅದು ಜೋರಾಗೋದು ಬಿಸಿಯ ಜೊತೆ ಮಳೆ ಬಿಡದೆ ಹಿಡಿದಾಗ. ಬುಡಕೊಳೆಯ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲೂ ಉಳಿಯುತ್ತೆ, ಗಡ್ಡೆಯ ಬುಡದಲ್ಲಿ ಕೂತು ಪಯಣವನ್ನೂ ಮಾಡುತ್ತೆ. ಮಳೆಗಾಲದ ಬೆಳೆಯ ಗಡ್ಡೆಯನ್ನೇ ಬಿತ್ತನೆ ಮಾಡಿದರೆ ದುಡ್ಡು ಕೊಟ್ಟು ರೋಗವನ್ನ ಹೊಲಕ್ಕೆ ತಂದ ಹಾಗೆ. ಸಾವಯವದವರಿಗೆ ಇದು ಇನ್ನೂ ದೊಡ್ಡ ಮಾತು. ರಾಸಾಯನಿಕ ಬಳಸೋರು ಕೊನೆಗೆ ಏನೋ ಒಂದು ಶಿಲೀಂಧ್ರನಾಶಕ ಹೊಡೀತಾರೆ, ನಮಗೆ ಶುದ್ಧ ಗಡ್ಡೆ ಬಿಟ್ಟರೆ ಮೊದಲ ರಕ್ಷಣೆ ಅಂತ ಬೇರೆ ಇಲ್ಲ. ಜೀವಾಮೃತ ಎಷ್ಟು ಕೊಟ್ಟರೂ ಕೊಳೆತ ಬುಡಕ್ಕೆ ಬೇರು ಬರಲ್ಲ.

ಮೂರನೇ ಕಾರಣ ಗಡ್ಡೆಯ ನಿದ್ದೆ. ಹೊಸದಾಗಿ ಕಿತ್ತ ಗಡ್ಡೆಯನ್ನ ತಕ್ಷಣ ಊರಿದರೆ ಕೆಲವು ಮೊಳೆಯುತ್ತೆ, ಕೆಲವು ಸುಮ್ಮನೆ ಕೂರುತ್ತೆ, ಹೊಲ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಎರಡು ಮೂರು ತಿಂಗಳು ವಿಶ್ರಾಂತಿ ಸಿಕ್ಕ ಗಡ್ಡೆ ಒಟ್ಟಿಗೆ ಮೊಳೆಯುತ್ತೆ. ಜನವರಿ ಕೊನೆಯಲ್ಲಿ ಕಿತ್ತು ಏಪ್ರಿಲ್ ಕೊನೆಯಲ್ಲಿ ಊರಿದರೆ ಸರಿಯಾಗಿ ಮೂರು ತಿಂಗಳು.

ಎಂಟು ಗುಂಟೆಯ ಲೆಕ್ಕ

ಏಪ್ರಿಲ್‌ನಲ್ಲಿ ಒಂದು ಎಕರೆಗೆ 600 ಕೆಜಿ ಬೇಕು. ಮೂರು ತಿಂಗಳು ಇಟ್ಟಾಗ ತೂಕ ಇಳಿಯುತ್ತೆ, ಒಂದಷ್ಟು ಕೊಳೆಯುತ್ತೆ, ಒಂದಷ್ಟನ್ನ ನೀವೇ ಆರಿಸಿ ಬಿಸಾಡಬೇಕಾಗುತ್ತೆ. ಧೈರ್ಯಕ್ಕೆ ಶೇ. 40 ಹೋಗುತ್ತೆ ಅಂತಲೇ ಇಟ್ಟುಕೊಳ್ಳಿ. ಹಾಗಾದರೆ ಜನವರಿಯಲ್ಲಿ 1,000 ಕೆಜಿ ಕೈಗೆ ಬರಬೇಕು. ಎಕರೆಗೆ 5 ಟನ್ ಅನ್ನೋದು ನೀರು ಗೊಬ್ಬರ ಸರಿಯಿದ್ದ ಹೊಲಕ್ಕೆ ದೊಡ್ಡ ಆಸೆಯಲ್ಲ. 5 ಟನ್‌ನಲ್ಲಿ ಐದನೇ ಒಂದು ಭಾಗ, ಅಂದರೆ ಎಂಟು ಗುಂಟೆ. ಆ ಎಂಟು ಗುಂಟೆಗೆ ಅಕ್ಟೋಬರ್‌ನಲ್ಲಿ ಬೇಕಾಗೋದು 120 ಕೆಜಿ ಗಡ್ಡೆ.

ಇಲ್ಲೊಂದು ಪ್ರಾಮಾಣಿಕ ಮಾತು. ಅಕ್ಟೋಬರ್ ನಾಟಿಯ ಗಡ್ಡೆಯನ್ನ ಈ ದಾರಿಯಲ್ಲಿ ಪೂರ್ತಿ ಉಳಿಸೋಕೆ ಆಗಲ್ಲ. ಜನವರಿ ಗಡ್ಡೆ ಅಕ್ಟೋಬರ್‌ವರೆಗೆ ನಿಲ್ಲಲ್ಲ, ಮಳೆಗಾಲದಲ್ಲಿ ಮೊಳೆತೋ ಕೊಳೆತೋ ಹೋಗುತ್ತೆ. ಆದರೆ 600 ಕೆಜಿಯನ್ನ ಜುಲೈನಿಂದ ಅಕ್ಟೋಬರ್‌ವರೆಗೆ ಕಾಪಾಡೋದು ಬೇರೆ, 120 ಕೆಜಿಯನ್ನ ಕಾಪಾಡೋದು ಬೇರೆ. ಮೇ ನಾಟಿಯಲ್ಲಿ ಚೆನ್ನಾಗಿರೋ ಒಂದು ಮೂಲೆಯಿಂದ ಇನ್ನೂರು ಕೆಜಿ ಎಲೆ ಸಮೇತ ಕಿತ್ತು, ಕಟ್ಟು ಕಟ್ಟಿ, ದನದ ಕೊಟ್ಟಿಗೆ ಸೂರಿನಡಿ ಗಾಳಿ ಆಡುವ ಕಡೆ ತೂಗುಹಾಕೋದು ಎರಡು ದಿನದ ಕೆಲಸ. ಅಷ್ಟೂ ಆಗದಿದ್ದರೆ ಆ 120 ಕೆಜಿಯನ್ನ ಒಳ್ಳೇ ಕಡೆ ನೋಡಿ ಕೊಳ್ಳಿ. ದರ 60 ಇದ್ದರೂ 7,200 ರೂಪಾಯಿ. ಆರಿಸಿ ಕೊಳ್ಳೋದಕ್ಕೆ ನಿಮಗೆ ಧೈರ್ಯ ಇರುತ್ತೆ, ಸಿಕ್ಕಿದ್ದನ್ನ ಹೊತ್ತು ತರೋ ಪರಿಸ್ಥಿತಿ ಇರಲ್ಲ.

ನಾಟಿಗೆ ಅವಸರ ಬೇಡ. ನಮ್ಮ ಜಿಲ್ಲೆಯಲ್ಲಿ ಅಕ್ಟೋಬರ್ ಒಳ್ಳೇ ಮಳೆ ತಿಂಗಳು. ಚಿತ್ತೆ ಮಳೆಯ ಮಧ್ಯೆ ಊರಿದ ಗಡ್ಡೆ ನೀರು ನಿಂತರೆ ಬುಡದಿಂದಲೇ ಹೋಗುತ್ತೆ. ಬಿತ್ತನೆ ತಾಕಿಗಂತೂ ಸ್ವಾತಿ ಕಳೆಯುವ ಹೊತ್ತು, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೇ ವಾರದೊಳಗೆ, ಮಳೆ ಹಿಂದೆ ಸರಿಯೋದು ನೋಡಿಕೊಂಡು ಊರೋದೇ ಸರಿ. ಮಾರುಕಟ್ಟೆಗೆ ಬೆಳೆಯೋರು ಪೊಂಗಲ್ ದರ ಹಿಡಿಯೋಕೆ ಮುಂಚೆ ಹಾಕ್ತಾರೆ, ಹಾಕಿಕೊಳ್ಳಲಿ. ನಿಮ್ಮ ಎಂಟು ಗುಂಟೆಗೆ ಆ ಓಟ ಬೇಡ. ಕಳೆದ ಬಾರಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದ ಜಾಗವನ್ನ ಬಿಟ್ಟು ಜೋಳ, ರಾಗಿ, ಮೆಕ್ಕೆಜೋಳ ಇದ್ದ ಜಾಗ ಆರಿಸಿ. ನೀರು ಬಸಿದುಹೋಗುವ ಕೆಂಪು ಮಣ್ಣಾದರೆ ಇನ್ನೂ ಒಳ್ಳೇದು. ಸುತ್ತ ಎರಡು ಸಾಲು ಮೆಕ್ಕೆಜೋಳವನ್ನ ಮೂರು ವಾರ ಮುಂಚೆ ಹಾಕಿಕೊಂಡರೆ ಥ್ರಿಪ್ಸ್ ನುಸಿಗೆ ಅಡ್ಡ ಆಗುತ್ತೆ.

ಗಡ್ಡೆ ಆರಿಸುವಾಗ ದೊಡ್ಡದೇ ಒಳ್ಳೇದು ಅನ್ನೋ ನಂಬಿಕೆ ಬಿಡಿ. ತೀರಾ ದಪ್ಪನೆಯದು ಊರಿದರೆ ತೂಕ ದುಪ್ಪಟ್ಟು ಹೋಗುತ್ತೆ, ಒಡೆಯೋದು ಜಾಸ್ತಿಯಾಗಿ ಮರಿಗಡ್ಡೆ ಸಣ್ಣದಾಗುತ್ತೆ. ತೀರಾ ಸಣ್ಣದು ಊರಿದರೆ ಒಂದೋ ಎರಡೋ ಗಡ್ಡೆ ಅಷ್ಟೇ. ಮಧ್ಯಮ ಗಾತ್ರ, ಬುಡ ಗಟ್ಟಿ, ಕತ್ತು ತೆಳ್ಳಗೆ ಒಣಗಿರೋದು ಸಾಕು. ಬುಡವನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದ್ದರೆ ಬುಟ್ಟಿಯಿಂದ ಆಚೆ. ಒಂದು ವಾರ ಮುಂಚೆ 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಟ್ರೈಕೋಡರ್ಮಾ ಕಲೆಸಿ, ತೇವ ಆರದ ಹಾಗೆ ಗೋಣಿತಾಟು ಮುಚ್ಚಿಟ್ಟು, ನಾಟಿ ದಿನ ಬೋದಿಗೆ ಹಾಕಿದರೆ ಎಂಟು ಗುಂಟೆಗೆ ಧಾರಾಳವಾಗಿ ಆಗುತ್ತೆ. ಗಡ್ಡೆಯ ಮೂತಿ ಮಣ್ಣಿನ ಮಟ್ಟಕ್ಕೆ ಕಾಣುವಷ್ಟು ಮಾತ್ರ ಊರಿ. ಆಳಕ್ಕೆ ಹೋದರೆ ಗಡ್ಡೆ ಉದ್ದುದ್ದ ಬರುತ್ತೆ.

ಮೂವತ್ತೈದು ನಲವತ್ತು ದಿನಕ್ಕೆ ಒಂದು ಬೆಳಗ್ಗೆ ತಾಕಿನ ಒಳಗೆ ನಡೆದುಕೊಂಡು ಹೋಗಿ. ತಿರುಚಿದ ಗಿಡ, ತುದಿಯಿಂದ ಹಳದಿಯಾಗಿ ಎಳೆದರೆ ಸುಲಭವಾಗಿ ಕೈಗೆ ಬರೋ ಗಿಡ, ಬೇರೆ ಬಣ್ಣದ ಗಡ್ಡೆಯ ಗಿಡ, ಎಲ್ಲ ಬುಡ ಸಮೇತ ಕಿತ್ತು ಹೊಲದಿಂದ ಹೊರಗೆ ಹಾಕಿ. ಬದುವಿನ ಮೇಲೆ ಬಿಸಾಡಬೇಡಿ. ಒಂದು ಕಡೆ ರೋಗ ಮಡುಗಟ್ಟಿದ್ದರೆ ಆ ಜಾಗಕ್ಕೆ ಕಡ್ಡಿ ನೆಟ್ಟು, ಅಲ್ಲಿಂದ ಮಾರಾಟಕ್ಕೆ ಮಾತ್ರ ಕೀಳಿ. ಬಿತ್ತನೆ ತಾಕಿಗೂ ಮಾರಾಟದ ತಾಕಿಗೂ ಇರೋ ದೊಡ್ಡ ವ್ಯತ್ಯಾಸ ಈ ಒಂದು ನಡಿಗೆ. ಕೃಷಿಯಲ್ಲಿ ಇಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ, ಇಷ್ಟು ಜನ ಬಿಡೋ ಕೆಲಸವೂ ಇನ್ನೊಂದಿಲ್ಲ. ಡಿಸೆಂಬರ್ ಇಬ್ಬನಿಗೆ ಎಲೆ ಮೇಲೆ ನೇರಳೆ ಮಚ್ಚೆ ಬರಬಹುದು. ಹನಿ ನೀರಾವರಿ ಇರೋರು ಸ್ಪ್ರಿಂಕ್ಲರ್ ಮುಟ್ಟಬೇಡಿ, ನೀರು ಎಲೆಗೆ ಬೇಡ ಬುಡಕ್ಕೆ ಸಾಕು.

ನಲವತ್ತೈದು ದಿನ ಆದಮೇಲೆ ಸಾರಜನಕ ಕೊಡೋದು ನಿಲ್ಲಿಸಿ. ಯೂರಿಯಾ ಮಾತ್ರ ಅಲ್ಲ, ಸಾವಯವ ಅಂತ ಹೇಳಿ ಸುರಿಯುವ ಕೋಳಿಗೊಬ್ಬರಕ್ಕೂ ಇದೇ ಮಾತು. ಕೊನೆಯಲ್ಲಿ ಕೊಟ್ಟ ಸಾರಜನಕ ಕತ್ತನ್ನ ದಪ್ಪ ಮಾಡುತ್ತೆ. ದಪ್ಪ ಕತ್ತು ಒಣಗಲ್ಲ, ಒಣಗದ ಕತ್ತಿನಿಂದಲೇ ಕೊಳೆ ಇಳಿಯುತ್ತೆ. ಕೀಳುವ ಹತ್ತು ದಿನ ಮುಂಚೆ ನೀರು ನಿಲ್ಲಿಸಬೇಕು. ಕಿತ್ತ ಮೇಲೆ ಹಿಂದಿನ ಸಾಲಿನ ಗಡ್ಡೆ ಮೇಲೆ ಮುಂದಿನ ಸಾಲಿನ ಎಲೆ ಬರೋ ಹಾಗೆ ಹೊಲದಲ್ಲಿ ಹರವಿ, ಮೂರು ನಾಲ್ಕು ದಿನ ಬಿಡಿ. ಆಮೇಲೆ ನೆರಳಲ್ಲಿ ಒಂದು ವಾರ ಹತ್ತು ದಿನ. ಎಲೆ ಕೊಯ್ಯೋದಾದರೆ ಒಂದು ಇಂಚು ಕತ್ತು ಉಳಿಸಿ ಕೊಯ್ಯಿರಿ.

ಇಡೋಕೆ ದೊಡ್ಡ ಗೋದಾಮು ಬೇಕಿಲ್ಲ. ನೆಲದಿಂದ ಎರಡು ಅಡಿ ಎತ್ತರಕ್ಕೆ ಬಿದಿರು ತಟ್ಟಿ, ನಾಲ್ಕೂ ಕಡೆ ಗಾಳಿ, ಮೇಲೆ ತೆಂಗಿನ ಗರಿಯ ಹೊದಿಕೆ. ತಮಿಳುನಾಡಿನ ಪೆರಂಬಲೂರು, ದಿಂಡಿಗಲ್ ಕಡೆ ಸಣ್ಣ ಈರುಳ್ಳಿ ಬೆಳೆಯೋರು ಹೊಲದ ಬದಿಯಲ್ಲೇ ಇಂಥ ಗೂಡು ಮಾಡಿಕೊಳ್ತಾರೆ. ಒಂದು ಅಡಿಗಿಂತ ಎತ್ತರಕ್ಕೆ ರಾಶಿ ಹಾಕಬೇಡಿ. ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ಹದಿನೈದು ದಿನಕ್ಕೊಮ್ಮೆ ಮೂಸಿ ನೋಡಿ. ಕೊಳೆತದ್ದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ.

"ಜನವರಿಯಲ್ಲಿ ದರ ಬಂದರೆ?"

ಈ ಮಾತು ಹೇಳಿದಾಗಲೆಲ್ಲ ಬರೋ ಪ್ರಶ್ನೆ ಇದು. ಸಂಕ್ರಾಂತಿ ಹೊತ್ತಿಗೆ ಕೆಜಿಗೆ 70 ಸಿಕ್ಕರೆ 1,000 ಕೆಜಿ ಅಂದರೆ 70,000 ರೂಪಾಯಿ, ಅದನ್ನ ಬಿದಿರು ತಟ್ಟಿ ಮೇಲೆ ಒಣಗಿಸೋಕೆ ಹಾಕೋದಾ ಅಂತ. ನ್ಯಾಯವಾದ ಪ್ರಶ್ನೆ. ಬ್ಯಾಂಕಿನ ಕಂತು ಇರುತ್ತೆ, ಮಗುವಿನ ಫೀಸು ಇರುತ್ತೆ, ಕೈಗೆ ಬಂದ ದುಡ್ಡನ್ನ ಬಿಡೋದು ಹೇಳಿದಷ್ಟು ಸುಲಭ ಅಲ್ಲ. ಆದರೆ ಯೋಚನೆ ಮಾಡಿ, ಜನವರಿಯಲ್ಲಿ 70 ಇದ್ದ ವರ್ಷ ಏಪ್ರಿಲ್‌ನಲ್ಲಿ ಎಲ್ಲರಿಗೂ ನಾಟಿ ಹುಚ್ಚು ಹಿಡಿದಿರುತ್ತೆ, ಬಿತ್ತನೆ ಗಡ್ಡೆ ಅಗ್ಗವಾಗಿ ಸಿಗುತ್ತೆ ಅಂತ ಆಸೆ ಪಡೋಕಾಗಲ್ಲ. ಉಳಿದ ಮೂವತ್ತೆರಡು ಗುಂಟೆಯನ್ನ ಆ ದರಕ್ಕೆ ಮಾರಿಕೊಳ್ಳಿ, ಯಾರೂ ಬೇಡ ಅನ್ನಲ್ಲ. ದರ ಬಿದ್ದ ವರ್ಷವಂತೂ ಇಟ್ಟುಕೊಳ್ಳೋದರಲ್ಲಿ ನಷ್ಟವೇ ಇಲ್ಲ. ಬೇಡ ಅನ್ನಿಸಿದರೆ ಏಪ್ರಿಲ್‌ನಲ್ಲಿ ಪಕ್ಕದವರಿಗೆ ಬಿತ್ತನೆಗೆ ಕೊಡಬಹುದು. ನಿಮ್ಮ ಹೊಲದ ಬೆಳೆ ನೋಡಿದವರು ನಾಲ್ಕು ಕಾಸು ಜಾಸ್ತಿ ಕೊಡೋಕೆ ಹಿಂದೆ ಮುಂದೆ ನೋಡಲ್ಲ.

ಇನ್ನೂ ಕೆಲವರು ಕೇಳೋದು, ಬೀಜದಿಂದಲೇ ಬೆಳೆಯಬಹುದಲ್ಲ ಅಂತ. ಬೆಳೆಯಬಹುದು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ–5 ತಳಿ ಹೂ ಬಿಟ್ಟು ಬೀಜ ಕಟ್ಟುತ್ತೆ, ಸಸಿ ಮಾಡಿ ನಾಟಿ ಹಾಕಬಹುದು. ಬಿತ್ತನೆ ಖರ್ಚು ಬಹಳ ಕಮ್ಮಿ, ಗಡ್ಡೆಯ ಜೊತೆ ಬರೋ ರೋಗಗಳೂ ಕಮ್ಮಿ. ಆದರೆ ಸಸಿ ಮಡಿಯ ದಿನ ಸೇರಿ ಹೊಲದ ಅವಧಿ ಉದ್ದ ಆಗುತ್ತೆ, ಸಸಿ ಕಾಪಾಡೋ ಕೈ ಬೇಕು. ನನ್ನ ಪ್ರಕಾರ ಅದು ಗಡ್ಡೆ ಬಿತ್ತನೆಗೆ ಎದುರಾಳಿ ಅಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ನಮ್ಮ ಗಡ್ಡೆ ಸೊರಗಿದೆ ಅನ್ನಿಸಿದಾಗ ಬೀಜದಿಂದ ಹೊಸದಾಗಿ ಶುರು ಮಾಡಿ, ಆ ಗಡ್ಡೆಯನ್ನೇ ಮುಂದೆ ಬೆಳೆಸಿಕೊಂಡು ಹೋಗಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಉಜ್ವಲ್ ಕೂಡ ಗುಂಪು ಗಡ್ಡೆಯ ತಳಿಯೇ. ಹೊಸ ತಳಿ ಯಾವುದೇ ಆಗಲಿ ಮೊದಲ ವರ್ಷ ಎರಡು ಗುಂಟೆ ಸಾಕು. ನಿಮ್ಮ ಮಾರುಕಟ್ಟೆಗೆ ಬೇಕಾದ ಬಣ್ಣ ಗಾತ್ರ ಬರುತ್ತಾ ಅಂತ ನೋಡಿಕೊಂಡು ಮುಂದುವರಿಯಿರಿ.

ಈಗಾಗಲೇ ಎಕರೆಗಟ್ಟಲೆ ಕೊಂಡ ಗಡ್ಡೆ ಊರಿ ಆಗಿದೆ ಅನ್ನೋರೂ ಈ ವರ್ಷವೇ ಶುರು ಮಾಡಬಹುದು. ಹೊಲದಲ್ಲಿ ನೀರು ನಿಲ್ಲದ, ಬೆಳೆ ಸಮನಾಗಿ ಬಂದಿರೋ ಎಂಟು ಗುಂಟೆಯನ್ನ ಈಗಲೇ ಗುರುತು ಮಾಡಿ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ನಲವತ್ತನೇ ದಿನ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೆಯಿರಿ. ಈ ಸಲ ಈರುಳ್ಳಿ ಹಾಕದೇ ಇರೋರು ಡಿಸೆಂಬರ್‌ನಲ್ಲಿ ಅಕ್ಕಪಕ್ಕದ ಊರುಗಳಲ್ಲಿ ಒಂದು ಸುತ್ತು ಬನ್ನಿ. ನಿಂತ ಬೆಳೆ ನೋಡಿ, ರೋಗ ಇಲ್ಲದ ತಾಕಿನವರ ಹತ್ತಿರ ಮಾತಾಡಿ, ಸ್ವಲ್ಪ ಮುಂಗಡ ಕೊಟ್ಟು, ಜನವರಿಯಲ್ಲಿ ಎಲೆ ಸಮೇತ ಗಡ್ಡೆ ತೂಕ ಹಾಕಿಸಿಕೊಳ್ಳಿ. ಎಲೆ ಒಣಗಿದ ಮೇಲೆ ತೂಕ ಇಳಿಯೋದನ್ನ ಮೊದಲೇ ಮಾತಾಡಿಕೊಂಡು ದರ ಮುಗಿಸಿ. ಆಮೇಲೆ ಅದೇ ವಿಷಯಕ್ಕೆ ನೆಂಟರ ಮಧ್ಯೆ ಜಗಳ ಆಗಿರೋದನ್ನ ನಾನು ನೋಡಿದ್ದೀನಿ.